ಮಳೆಗಾಲದ ರಸ್ತೆ: ನೀರು ಮತ್ತು ಭಾರ

ಕಳೆದ ಮಹಾಸಭೆಯಲ್ಲಿ ಕಾಫಿ, ಅಡಿಕೆಗಳ ಧಾರಣೆಗಿಂತಲೂ ಹೆಚ್ಚು ಹೊತ್ತು ಚರ್ಚೆಯಾದ ವಿಷಯವೆಂದರೆ ರಸ್ತೆ. ಎದ್ದು ಮಾತನಾಡಿದ ಸದಸ್ಯರೆಲ್ಲ ಕೇಳಿದ್ದು ಎರಡೇ: ರಸ್ತೆಯನ್ನು ಅಗಲ ಮಾಡಿಸಿ, ಹೊಸದಾಗಿ ಡಾಂಬರು ಹಾಕಿಸಿ. ಸಂಘದ ವತಿಯಿಂದ ಮನವಿ ಸಲ್ಲಿಸಬೇಕೆಂದು ಠರಾವೂ ಆಯಿತು, ಮನವಿಯೂ ಹೋಗಿದೆ. ಕಾರ್ಯದರ್ಶಿಯೆಂಬ ನೆಲೆಯಲ್ಲಿ ಅದಕ್ಕೆ ಸಹಿ ಹಾಕಿದವನು ನಾನೇ. ಆದರೆ ಒಬ್ಬ ಬೆಳೆಗಾರನಾಗಿ ನನ್ನ ಅಭಿಪ್ರಾಯ ಬೇರೆಯೇ ಇದೆ. ಅದನ್ನು ಸದಸ್ಯ ಬಾಂಧವರ ಮುಂದೆ ಮುಚ್ಚುಮರೆಯಿಲ್ಲದೆ ಇಡುವುದು ನ್ಯಾಯವೆಂದು ತೋರಿದ್ದರಿಂದ ಈ ಬರಹ.

ನನ್ನ ಅಭಿಪ್ರಾಯ ಇಷ್ಟು. ನೀರಿಗೆ ದಾರಿ ಮಾಡದೆ, ಲಾರಿಯ ಭಾರಕ್ಕೆ ಮಿತಿ ಇಡದೆ ಹಾಕಿಸಿದ ಡಾಂಬರು ಹೊಳೆಗೆ ಸುರಿದ ಹಣ. ಈ ಎರಡು ಕೆಲಸಗಳಲ್ಲಿ ದೊಡ್ಡ ಪಾಲು ಸರ್ಕಾರದ್ದಲ್ಲ, ನಮ್ಮದೇ.

ಮೊದಲು ನೀರಿನ ಮಾತು. ಅಡಿಕೆ ತೋಟ ಮಾಡಿದವನಿಗೆ ಬಸಿಗಾಲುವೆಯ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷವರ್ಷವೂ ಹೂಳೆತ್ತಿ, ಮರದ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುತ್ತೇವೆ. ಒಂದು ವರ್ಷ ಉದಾಸೀನ ಮಾಡಿದರೆ ಮರವೇ ಹಳದಿಗಟ್ಟಿ ತಿಳಿಸುತ್ತದೆ. ಕಾಫಿ ತೋಟದಲ್ಲಿಯೂ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ತೆಗೆದು ಓಡುವ ನೀರನ್ನು ತಡೆದು ನಿಲ್ಲಿಸುತ್ತೇವೆ. ನೀರಿನ ವಿದ್ಯೆಯಲ್ಲಿ ಇಷ್ಟು ಪಳಗಿದ ನಾವು, ಬೇಲಿ ದಾಟಿ ರಸ್ತೆಗೆ ಕಾಲಿಟ್ಟೊಡನೆ ಅದನ್ನೆಲ್ಲ ಮರೆಯುವುದೇಕೋ ತಿಳಿಯದು.

ರಸ್ತೆಗೂ ನಿಯಮ ಅದೇ. ಜಲ್ಲಿ ರಸ್ತೆಗೆ ಇಂಜಿನಿಯರುಗಳು ಇಂದಿಗೂ ‘ವಾಟರ್ ಬೌಂಡ್ ಮೆಕಾಡಮ್’ ಎನ್ನುತ್ತಾರಷ್ಟೆ. ಆ ಹೆಸರು ಬಂದದ್ದು ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ ಎಂಬಾತನಿಂದ. 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ ಈತನ ವಾದ ಬಹಳ ಸರಳವಾದುದು. ಗಾಡಿಯ ಭಾರವನ್ನು ಕೊನೆಗೂ ಹೊರುವುದು ಕೆಳಗಿನ ನೆಲದ ಮಣ್ಣೇ ಹೊರತು ಮೇಲಿನ ಕಲ್ಲಲ್ಲ. ಮಣ್ಣು ಒಣಗಿದ್ದರೆ ಎಷ್ಟು ಭಾರವನ್ನಾದರೂ ತಡೆಯುತ್ತದೆ, ಒದ್ದೆಯಾದರೆ ಕುಸಿಯುತ್ತದೆ. ಆದ್ದರಿಂದ ಮೇಲಿನ ಜಲ್ಲಿಯ ಪದರವನ್ನು ಮನೆಯ ಸೂರಿನಂತೆ ಭಾವಿಸಬೇಕು. ಅದರ ಕೆಲಸ ನೆಲವನ್ನು ನೆನೆಯದಂತೆ ಕಾಯುವುದು. ಎರಡು ಶತಮಾನ ಕಳೆದು ಯಂತ್ರಗಳೆಲ್ಲ ಬದಲಾದರೂ ಈ ಮಾತು ಬದಲಾಗಿಲ್ಲ.

ಇಂದು ರಸ್ತೆಯ ದಪ್ಪವನ್ನು ನಿರ್ಧರಿಸುವ ಮುನ್ನ ಮಣ್ಣಿನ ಶಕ್ತಿಯನ್ನು ಅಳೆಯುವ ಪರೀಕ್ಷೆಯೊಂದಿದೆ. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ್ದರಿಂದ ಅದಕ್ಕೆ ಸಿ.ಬಿ.ಆರ್. ಎಂಬ ಹೆಸರು. ಮಣ್ಣನ್ನು ಅಚ್ಚಿನಲ್ಲಿ ಗಿಡಿದು, 4 ದಿನ ನೀರಿನಲ್ಲಿ ಮುಳುಗಿಸಿಟ್ಟು, ಅನಂತರ ಅದರೊಳಕ್ಕೆ ಕಬ್ಬಿಣದ ದಿಂಡನ್ನು ಒತ್ತಿ ನೋಡುತ್ತಾರೆ. ಒಣಗಿದ್ದಾಗ ಗಟ್ಟಿಯಾಗಿದ್ದ ಮಣ್ಣು ನಾಲ್ಕು ದಿನ ನೆನೆದ ಮೇಲೆ ಶಕ್ತಿಯ ಬಹುಪಾಲನ್ನು ಕಳೆದುಕೊಂಡಿರುವುದುಂಟು. ಪ್ರಯೋಗಶಾಲೆಯಲ್ಲಿ ನಾಲ್ಕು ದಿನ; ನಮ್ಮೂರಿನ ಮಣ್ಣು ನೆನೆಯುವುದು ಮೃಗಶಿರಾದಿಂದ ಹಿಡಿದು ಮಘಾ ಕಳೆಯುವವರೆಗೆ. ಚರಂಡಿ ಕಟ್ಟಿಕೊಂಡ ರಸ್ತೆಯ ಅಡಿಯ ಮಣ್ಣು ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ.

ಮೇಲೆ ಬಿದ್ದ ನೀರು ಒಡನೆ ಇಳಿದುಹೋಗಲೆಂದೇ ರಸ್ತೆಯ ನಡುಭಾಗವನ್ನು ಎತ್ತರಿಸಿರುತ್ತಾರೆ. ಇದಕ್ಕೆ ಕ್ಯಾಂಬರ್ ಎಂದು ಹೆಸರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 1934ರಲ್ಲಿ ಸ್ಥಾಪನೆಯಾಯಿತು. ನಮ್ಮ ದೇಶದ ರಸ್ತೆಗಳ ಅಳತೆ, ಮಾನಕಗಳೆಲ್ಲ ಅದರ ಪುಸ್ತಿಕೆಗಳಂತೆಯೇ ನಡೆಯುತ್ತವೆ. ಹೆಚ್ಚು ಮಳೆ ಬೀಳುವ ಕಡೆ, ತೆಳು ಡಾಂಬರಿನ ಹಳ್ಳಿ ರಸ್ತೆಗೆ ನೂರಕ್ಕೆ ಮೂರೂವರೆಯಷ್ಟು ಕ್ಯಾಂಬರ್ ಇರಬೇಕೆಂದು ಅದರ ಗ್ರಾಮೀಣ ರಸ್ತೆಗಳ ಕೈಪಿಡಿ ಹೇಳುತ್ತದೆ. ಎಂದರೆ 3.75 ಮೀಟರ್ ಅಗಲದ ನಮ್ಮ ಒಂಟಿ ರಸ್ತೆಯಲ್ಲಿ ಅಂಚಿಗಿಂತ ನಡುಭಾಗ ಸುಮಾರು ಎರಡೂವರೆ ಅಂಗುಲ ಎತ್ತರವಿರಬೇಕು. ಗಾರೆ ಕೆಲಸದವರ ಲೆವೆಲ್ ಟ್ಯೂಬು, ಒಂದು ಹುರಿ ಇದ್ದರೆ ಯಾರು ಬೇಕಾದರೂ ಅಳೆದು ನೋಡಬಹುದು. ತಿರುವುಗಳಲ್ಲಿ ಮಾತ್ರ ಈ ಲೆಕ್ಕವಿಲ್ಲ. ಅಲ್ಲಿ ರಸ್ತೆ ಪೂರ್ತಿಯಾಗಿ ಒಳಮಗ್ಗುಲಿಗೆ ವಾಲಿರುತ್ತದೆ, ನೀರೆಲ್ಲ ಒಳಗಿನ ಚರಂಡಿಗೇ ಬರುತ್ತದೆ. ಹೊಸ ಕಾಮಗಾರಿ ನಡೆಯುವಾಗ ಡಾಂಬರಿನ ದಪ್ಪವೆಷ್ಟೆಂದು ಗುತ್ತಿಗೆದಾರನೊಡನೆ ಜಗಳ ಕಾಯುವ ನಮ್ಮ ಸದಸ್ಯರು ಒಮ್ಮೆ ಈ ಎರಡೂವರೆ ಅಂಗುಲವನ್ನೂ ಕೇಳಿದರೆ ಹೆಚ್ಚು ಪ್ರಯೋಜನವಾದೀತು.

ಕ್ಯಾಂಬರ್ ಸರಿಯಿದ್ದು ಅಂಚಿಗೆ ಬಂದ ನೀರು ಮುಂದೆ ಎಲ್ಲಿಗೆ ಹೋಗಬೇಕು? ಇಲ್ಲಿಂದ ನಮ್ಮ ಕಥೆ ಶುರು. ತೋಟದ ಗೇಟಿಗೆ ಜೀಪು ಹೋಗಲೆಂದು ಚರಂಡಿಗೆ ಎರಡು ಟ್ರ್ಯಾಕ್ಟರ್ ಮಣ್ಣು ತುಂಬುತ್ತೇವೆ, ಅಡಿಯಲ್ಲಿ ಪೈಪು ಇಡುವುದಿಲ್ಲ. ಇಟ್ಟರೂ ಅದು ಒಂದು ಮಳೆಯ ತರಗೆಲೆಗೆ ಕಟ್ಟಿಕೊಳ್ಳುವಷ್ಟು ಸಣ್ಣದು. ಮರಗಸಿಯ ಕಾಲದಲ್ಲಿ ಕಡಿದ ಕೊಂಬೆಯನ್ನು ಚರಂಡಿಯಲ್ಲಿಯೇ ಒಟ್ಟುತ್ತೇವೆ. ಬೇಲಿಯನ್ನು ವರ್ಷಕ್ಕೆ ಅರ್ಧ ಅಡಿಯಂತೆ ಮುಂದೆ ಸರಿಸುತ್ತ ಬಂದು ಕೆಲವು ಕಡೆ ಚರಂಡಿಯೇ ತೋಟದೊಳಗೆ ಸೇರಿಹೋಗಿದೆ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪೈಪು ದಾಟಿಸಲು ರಸ್ತೆಯನ್ನೇ ಅಡ್ಡಲಾಗಿ ಕಡಿದು, ಕೆಲಸ ಮುಗಿದ ಮೇಲೆ ಬರಿಯ ಮಣ್ಣೆಳೆದು ಕೈತೊಳೆದುಕೊಳ್ಳುತ್ತೇವೆ. ಆ ಗೀರೇ ಜೂನ್ ತಿಂಗಳಲ್ಲಿ ಹೊಂಡದ ಬಾಯಿ. ನೀರು ಡಾಂಬರಿನ ಅಡಿಗೆ ಇಳಿದು ಕಲ್ಲಿಗೂ ಡಾಂಬರಿಗೂ ಇರುವ ಅಂಟನ್ನು ಬಿಡಿಸುತ್ತದೆ. ಮೇಲೆ ಗಾಲಿ ಹಾದಾಗ ಒಳಗಿನ ನೀರು ಒತ್ತಡದಿಂದ ಚಿಮ್ಮಿ ಸಣ್ಣ ಕಲ್ಲನ್ನು ಹೊರಗೆಸೆಯುತ್ತದೆ. ಆಮೇಲೆ ನಾವು ಕಳಪೆ ಕಾಮಗಾರಿ ಎಂದು ಪತ್ರಿಕೆಗೆ ಬರೆಯುತ್ತೇವೆ.

ಕಳಪೆ ಕಾಮಗಾರಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಧಾರಾಳವಾಗಿದೆ. ಆದರೆ ಚೆನ್ನಾಗಿ ಮಾಡಿದ ರಸ್ತೆಯೂ ಕಟ್ಟಿದ ಚರಂಡಿಯ ಪಕ್ಕದಲ್ಲಿ ಬಾಳುವುದಿಲ್ಲ. ನಮ್ಮ ಬಾಲ್ಯದಲ್ಲಿ ಲೋಕೋಪಯೋಗಿ ಇಲಾಖೆಯ ಗ್ಯಾಂಗಿನವರು ಕಂಬಳಿ ಕೊಪ್ಪೆ ಹಾಕಿಕೊಂಡು ಸುರಿಯುವ ಮಳೆಯಲ್ಲಿಯೇ ಗುದ್ದಲಿ, ಮಂಕರಿ ಹಿಡಿದು ಓಡಾಡುತ್ತಿದ್ದರು. ಮಳೆ ಜೋರಾದಷ್ಟೂ ಅವರಿಗೆ ಕೆಲಸ ಹೆಚ್ಚು. ಎಲ್ಲಿ ಕಸ ಕಟ್ಟಿತೋ ಅಲ್ಲೇ ಬಿಡಿಸುತ್ತಿದ್ದರು. ಆ ಗ್ಯಾಂಗು ಈಗ ನಮ್ಮ ಕಡೆ ಕಾಣುತ್ತಿಲ್ಲ. ವರ್ಷಕ್ಕೊಮ್ಮೆ ಜೆಸಿಬಿ ಬಂದು ಕೆರೆದು ಹೋಗುವುದು ಅದಕ್ಕೆ ಸಮನಾಗದು. ಜೆಸಿಬಿ ಕೆರೆದ ಮಣ್ಣನ್ನು ರಸ್ತೆಯ ಮಗ್ಗುಲಿಗೇ ಒಡ್ಡಿನಂತೆ ಹಾಕುತ್ತದೆ, ಮಗ್ಗುಲು ರಸ್ತೆಗಿಂತ ಎತ್ತರವಾಗುತ್ತದೆ, ನೀರು ಚರಂಡಿ ಸೇರದೆ ಡಾಂಬರಿನ ಮೇಲೆಯೇ ತೋಡಿನಂತೆ ಹರಿಯುತ್ತದೆ.

ಇನ್ನು ಭಾರದ ವಿಚಾರ. ಇದನ್ನು ಹೇಳುವಾಗ ಲಾರಿ ಇಟ್ಟುಕೊಂಡಿರುವ ನಮ್ಮ ಕೆಲವು ಸದಸ್ಯರಿಗೆ ಬೇಸರವಾಗಬಹುದು. ಆದರೂ ಲೆಕ್ಕ ಲೆಕ್ಕವೇ.

1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವ ಎಂಬ ಊರಿನ ಬಳಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಉಂಗುರದಾಕಾರದಲ್ಲಿ ನಿರ್ಮಿಸಿ, ಅವುಗಳ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನು ಸೈನಿಕರಿಂದ ಸತತವಾಗಿ ಓಡಿಸಿ, ರಸ್ತೆ ಹೇಗೆ ಕೆಡುತ್ತದೆಂದು ಅಳೆದರು. ಅದರಿಂದ ಹೊರಟ ನಿಯಮ ಇದು: ಒಂದು ಅಚ್ಚಿನ, ಎಂದರೆ ಆಕ್ಸಲ್‌ನ, ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಮೂರು ಪಟ್ಟಾದರೆ 81 ಪಟ್ಟು. ರಸ್ತೆಯ ಜಾತಿ, ಮಣ್ಣಿನ ಗುಣ ನೋಡಿ ಈ ಲೆಕ್ಕ ಒಂದಿಷ್ಟು ಹಿಂದುಮುಂದಾಗಬಹುದು, ದಿಕ್ಕು ಮಾತ್ರ ಬದಲಾಗದು. ಅದೇ ಪ್ರಯೋಗದಲ್ಲಿ ಕಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯವಾದುದು. ರಸ್ತೆಗಳು ಹೆಚ್ಚಾಗಿ ಕೆಟ್ಟದ್ದು ಚಳಿಗಾಲದ ಹಿಮ ಕರಗಿ ಅಡಿಯ ನೆಲ ನೀರು ಕುಡಿದು ಮೆತ್ತಗಾಗಿದ್ದ ವಾರಗಳಲ್ಲಿ. ನೀರು, ಭಾರ ಎರಡೂ ಒಂದೇ ಕಾಲಕ್ಕೆ ಕೂಡಿದಾಗ ರಸ್ತೆ ಸಾಯುತ್ತದೆ. ನಮ್ಮಲ್ಲಿ ಹಿಮವಿಲ್ಲ, ಆರಿದ್ರಾ, ಪುನರ್ವಸು ಮಳೆಗಳಿವೆ.

ಇದನ್ನೇ ನಮ್ಮ ಗೊಬ್ಬರದ ಲಾರಿಗೆ ಹೊಂದಿಸಿ ನೋಡೋಣ. 50 ಕಿಲೋ ತೂಕದ 200 ಮೂಟೆ ಪೊಟ್ಯಾಷ್ ಎಂದರೆ 10 ಟನ್. ಎರಡು ಆಕ್ಸಲ್‌ನ ಲಾರಿ ಅದನ್ನು ಹೊತ್ತು ಬಂದರೆ ಹಿಂದಿನ ಅಚ್ಚಿನ ಮೇಲೆ 10.2 ಟನ್‌ನಷ್ಟು ಬೀಳುತ್ತದೆನ್ನಿ. ಅದೇ ಮಾಲನ್ನು ಪಿಕಪ್ ಗಾಡಿಯಲ್ಲಿ ಮೂವತ್ತು ಮೂಟೆಯಂತೆ ತಂದರೆ 7 ಟ್ರಿಪ್ಪು ಬೇಕು. ಹಿಂದಿನ ಅಚ್ಚಿನ ಮೇಲೆ 2 ಟನ್ ಎಂದಿಟ್ಟುಕೊಳ್ಳಿ. ಮೇಲಿನ ನಿಯಮದಂತೆ ಲಾರಿಯ ಆ ಒಂದು ಅಚ್ಚು ಒಮ್ಮೆ ಹಾದದ್ದು ಪಿಕಪ್ಪಿನ ಅಚ್ಚು 676 ಬಾರಿ ಹಾದದ್ದಕ್ಕೆ ಸಮ. ನಮಗೆ ಬೇಕಾದದ್ದು ಏಳು ಬಾರಿ. ಅಂದರೆ ಅದೇ ಗೊಬ್ಬರ ಅದೇ ತೋಟ ಮುಟ್ಟಿದರೂ ರಸ್ತೆಗಾಗುವ ಪೆಟ್ಟು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲಾರಿಗೆ ಮಿತಿಮೀರಿ ತುಂಬಿ ಹಿಂದಿನ ಅಚ್ಚಿಗೆ 14 ಟನ್ ಬಿತ್ತೆಂದರೆ, ಹತ್ತು ಟನ್ ಚಿಲ್ಲರೆಗೆ ಆಗುತ್ತಿದ್ದ ಹಾನಿಯ ಮೂರೂವರೆ ಪಟ್ಟು. ಲಾರಿಯವನಿಗೆ ಉಳಿದದ್ದು ಅರ್ಧ ಟ್ರಿಪ್ಪಿನ ಡೀಸೆಲ್ಲು, ಊರಿಗೆ ಹೋದದ್ದು ರಸ್ತೆ.

ಗೊಬ್ಬರದ ಲಾರಿಯೊಂದನ್ನೇ ದೂರುವುದು ಸರಿಯಲ್ಲವೆನ್ನಿ. ಸಿಲ್ವರ್ ಓಕ್ ದಿಮ್ಮಿಯ ಲಾರಿ, ಹೋಂಸ್ಟೇ ಕಟ್ಟಡಗಳಿಗೆ ಜಲ್ಲಿ, ಎಂ-ಸ್ಯಾಂಡ್ ಹೊರುವ ಟಿಪ್ಪರುಗಳು ಅದಕ್ಕಿಂತ ಭಾರ. ಆದರೆ ಅವುಗಳನ್ನು ಕರೆಸುವವರೂ ನಮ್ಮ ನಡುವಿನವರೇ ತಾನೆ?

ಸರ್ಕಾರ 2018ರಲ್ಲಿ ಲಾರಿಗಳ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಟೈರುಗಳ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಸಾಗಾಣಿಕೆಯ ವೆಚ್ಚ ತಗ್ಗಲೆಂಬ ಉದ್ದೇಶ ಒಳ್ಳೆಯದೇ, ಹೆದ್ದಾರಿಗಳಿಗೆ ಅದು ಒಪ್ಪಲೂಬಹುದು. ಆದರೆ ನಾಲ್ಕನೆಯ ಘಾತದ ಲೆಕ್ಕದಲ್ಲಿ ಇದು ಪ್ರತಿ ಹಾಯುವಿಕೆಗೆ ನೂರಕ್ಕೆ ಅರವತ್ತರಷ್ಟು ಹೆಚ್ಚಿನ ಹಾನಿ. ಹಳ್ಳಿಯ ಹಳೆಯ ರಸ್ತೆಗಳನ್ನು ಅದಕ್ಕೆ ತಕ್ಕಂತೆ ಯಾರೂ ದಪ್ಪ ಮಾಡಲಿಲ್ಲ. ಮಿತಿ ಮೀರಿದರೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ಕಾಯಿದೆ ಹೇಳುತ್ತದೆ. ತೂಕ ಹಾಕುವವರು ನಮ್ಮ ಒಳರಸ್ತೆಗೆ ಬಂದುದನ್ನು ನಾನಂತೂ ಕಂಡಿಲ್ಲ.

ಬೇರೆ ದೇಶಗಳಲ್ಲಿ ಈ ಸಮಸ್ಯೆಗೆ ಏನು ಮಾಡುತ್ತಾರೆ? ಅಮೆರಿಕದ ಮಿನ್ನೆಸೋಟದಂಥ ಕಡೆ ಹಿಮ ಕರಗುವ ವಾರಗಳಲ್ಲಿ ಹಲವು ರಸ್ತೆಗಳಿಗೆ ಆಕ್ಸಲ್ ಭಾರದ ಮಿತಿಯನ್ನು ತಗ್ಗಿಸುತ್ತಾರೆ, ನೆಲ ಒಣಗಿದ ಮೇಲೆ ಮೊದಲಿನಂತೆ ಬಿಡುತ್ತಾರೆ. ಅದು ಸಿರಿವಂತರ ದೇಶವೆಂದು ಬಿಟ್ಟರೂ, ನಮ್ಮ ಹಾಗೆಯೇ ಕಾಫಿ, ಕೋಕೋ ಬೆಳೆಯುವ ಆಫ್ರಿಕದ ಕ್ಯಾಮರೂನ್‌ನಲ್ಲಿ ಮಣ್ಣಿನ ರಸ್ತೆಗಳಿಗೆ ‘ಮಳೆಗೇಟು’ಗಳಿವೆ. ಮಳೆ ಬಂದಾಗ ಅಡ್ಡಗಂಬ ಇಳಿಸುತ್ತಾರೆ. ಮಳೆ ನಿಂತು ನೆಲ ಆರುವವರೆಗೆ ಭಾರೀ ಲಾರಿಗಳು ಕಾಯಬೇಕು. ನಮ್ಮಲ್ಲಿಯೂ ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 115ನೇ ಪ್ರಕರಣದಲ್ಲಿ ರಸ್ತೆ, ಸೇತುವೆಗಳ ಸ್ಥಿತಿ ನೋಡಿ ಇಂಥ ವಾಹನ ಬರಕೂಡದೆಂದು ನಿರ್ಬಂಧಿಸಲು ಅಧಿಕಾರ ಕೊಟ್ಟಿದೆ. ಘಾಟಿ ರಸ್ತೆಗಳಲ್ಲಿ ಮಳೆಗಾಲಕ್ಕೆ ಭಾರೀ ವಾಹನ ನಿಷೇಧಿಸುವುದನ್ನು ನಾವೆಲ್ಲ ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದ ಮೇಲೆ ಅಲ್ಲಿ ಭಾರೀ ಲಾರಿಗಳಿಗೆ ಬಹುಕಾಲ ಪ್ರವೇಶವೇ ಇರಲಿಲ್ಲ. ಕುಸಿದ ಮೇಲೆ ಹಾಕುವ ನಿಷೇಧವನ್ನು ಕುಸಿಯುವ ಮುನ್ನವೇ ನಮ್ಮ ಸಣ್ಣ ರಸ್ತೆಗಳಿಗೆ ನಾವಾಗಿಯೇ ಕೇಳಿ ಪಡೆಯಬಾರದೇಕೆ?

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನಾನಿಟ್ಟಿರುವ ಸಲಹೆಯನ್ನು ಇಲ್ಲಿ ತಿಳಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಸಂಘದ ಯಾವ ಮಾಲೂ ಲಾರಿಯಲ್ಲಿ ಒಳರಸ್ತೆಗೆ ಇಳಿಯಕೂಡದು. ಗೊಬ್ಬರದ ಲಾರಿ ಮುಖ್ಯರಸ್ತೆಯ ಪಕ್ಕದ ಗೋದಾಮಿಗೆ ಬಂದು ಇಳಿಸಿ ಹೋಗಲಿ. ಅಲ್ಲಿಂದ ಮುಂದೆ ಪಿಕಪ್. ಕೊಳೆರೋಗದ ಸಿಂಪರಣೆಗೆ ಬೇಕಾದ ಮೈಲುತುತ್ತ, ಸುಣ್ಣ ಮೇ ತಿಂಗಳಲ್ಲಿಯೇ ಸದಸ್ಯರ ಮನೆ ಸೇರಬೇಕು. ಎರಡನೆಯ ಸಿಂಪರಣೆಯದೂ ಸೇರಿ. ಮಳೆಗಾಲದ ನಡುವೆ ಕೊಡುವ ಗೊಬ್ಬರವನ್ನು ಮಾತ್ರ ಮೊದಲೇ ತಂದು ಮನೆಯಲ್ಲಿ ಇಡಿ ಎನ್ನಲಾರೆ. ಜುಲೈ ತಿಂಗಳ ತೇವದಲ್ಲಿ ಯೂರಿಯಾ ಮೂಟೆ ಕಲ್ಲಾಗುವುದು ಎಲ್ಲರಿಗೂ ಗೊತ್ತು.

ಇದಕ್ಕೆ ಖರ್ಚಿದೆ. ಎರಡು ಸಲ ಇಳಿಸಿ ಏರಿಸುವ ಹಮಾಲಿ, ಪಿಕಪ್ಪಿನ ಬಾಡಿಗೆ ಸೇರಿ ಮೂಟೆಗೆ ಒಂದಿಷ್ಟು ಹೆಚ್ಚಾಗುತ್ತದೆ. ರಸ್ತೆಯ ಕೊನೆಯಲ್ಲಿರುವ ಎರಡೆಕರೆಯವನ ಮೇಲೆ ಅದು ಪೂರ್ತಿ ಬಿದ್ದರೆ ಅನ್ಯಾಯ. ಒಟ್ಟು ಖರ್ಚನ್ನು ಸಂಘ ಮಾರುವ ಎಲ್ಲ ಮೂಟೆಗಳ ಮೇಲೆ ಸಮನಾಗಿ ಹಂಚಬೇಕೆಂಬುದು ನನ್ನ ನಿಲುವು. ಪೇಟೆಯ ಪಕ್ಕದಲ್ಲಿ ತೋಟವಿರುವವರು ‘ಅವನ ರಸ್ತೆಗೆ ನಾನೇಕೆ ಕೊಡಲಿ’ ಎನ್ನುತ್ತಾರೆ, ಈಗಾಗಲೇ ಅಂದಿದ್ದಾರೆ. ಸಹಕಾರ ಎಂಬ ಮಾತಿಗೆ ಬೇರೆ ಅರ್ಥವಿದ್ದರೆ ಅವರು ತಿಳಿಸಬೇಕು. ಜುಲೈ ತಿಂಗಳಲ್ಲಿ ಬಾಣಂತಿಯನ್ನೋ ಹಾವು ಕಚ್ಚಿದ ಆಳನ್ನೋ ಆಸ್ಪತ್ರೆಗೆ ಒಯ್ಯುವಾಗ ಜೀಪು ಹೂತುಹೋಗುವುದು ರಸ್ತೆಯ ಕೊನೆಯಲ್ಲಿರುವವರಿಗೆ ಮಾತ್ರ.

ರಸ್ತೆ ಅಗಲ ಮಾಡುವ ಬೇಡಿಕೆಯ ಬಗೆಗೂ ಒಂದು ಲೆಕ್ಕ ಕೊಡುತ್ತೇನೆ. ಒಂದು ಕಿಲೋಮೀಟರ್ ಉದ್ದಕ್ಕೆ ಇನ್ನೊಂದು 3.75 ಮೀಟರ್ ಅಗಲ ಸೇರಿಸಬೇಕಾದರೆ ಸುಮಾರು 37 ಗುಂಟೆ ಹೋಗುತ್ತದೆ, ಹೆಚ್ಚೂಕಡಿಮೆ ಒಂದು ಎಕರೆ. ಕೊಡುವವರಾರು? ದರೆ ಕಡಿಯಬೇಕು, ಕಡಿದ ದರೆ ಮಳೆಗೆ ಜರಿಯುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಗೆ ಆದ ಗತಿ ಮರೆತಿಲ್ಲವಷ್ಟೆ. ಅದರ ಬದಲು ಗುಡ್ಡಗಾಡಿನ ಒಂಟಿ ರಸ್ತೆಗಳಿಗೆ ರೋಡ್ಸ್ ಕಾಂಗ್ರೆಸ್ಸಿನ ಮಾನಕದಲ್ಲಿಯೇ ಹೇಳಿರುವ ಉಪಾಯವೊಂದಿದೆ: ಕಿಲೋಮೀಟರಿಗೆ ಎರಡು ಮೂರು ಕಡೆ ಎದುರು ವಾಹನಕ್ಕೆ ದಾರಿ ಬಿಡುವ ತಂಗುಜಾಗ. ಒಂದೊಂದೂ 3.75 ಮೀಟರ್ ಅಗಲ, ರಸ್ತೆಯ ಕಡೆ 30 ಮೀಟರ್ ಉದ್ದ, ಆಚೆ ಬದಿಗೆ 20 ಮೀಟರ್. ಗುಣಿಸಿ ನೋಡಿದರೆ ಒಂದು ಗುಂಟೆಗೂ ಕಡಿಮೆ. ಮೂರು ಗುಂಟೆಯಲ್ಲಿ ಆಗುವ ಕೆಲಸಕ್ಕೆ ಒಂದು ಎಕರೆ ಕಾಫಿ ಕೀಳುವುದೇಕೆ? ಜಾಗ ಮಾಡುವಾಗ ಅಡಿಯ ಚರಂಡಿಗೆ ಮೋರಿ ಇಡುವುದನ್ನು ಮರೆಯದಿದ್ದರಾಯಿತು. ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕೆಂಬುದು 1989ರ ರಸ್ತೆ ನಿಯಮಗಳಲ್ಲಿಯೇ ಇತ್ತು. ವಾರಾಂತ್ಯಕ್ಕೆ ಬರುವ ಪ್ರವಾಸಿ ಕಾರುಗಳಿಗೆ ಇದನ್ನು ತಿಳಿಸಲು ಒಂದು ಬೋರ್ಡು ಹಾಕಿಸುವ ಖರ್ಚನ್ನು ಸಂಘವೇ ವಹಿಸಬಹುದು.

ಸರ್ಕಾರದ ಹೊಣೆಯನ್ನು ನಾನು ಬಿಟ್ಟುಕೊಡುತ್ತಿಲ್ಲ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳನ್ನು ಮುಗಿಸಿದ ದಿನದಿಂದ 5 ವರ್ಷ ನಿರ್ವಹಣೆ ಮಾಡುವುದು ಅದೇ ಗುತ್ತಿಗೆದಾರನ ಕರಾರು. ಚರಂಡಿ, ಮಗ್ಗುಲು ಎಲ್ಲವೂ ಅದರಲ್ಲಿ ಸೇರಿವೆ. ಐದು ವರ್ಷ ತುಂಬದ ರಸ್ತೆ ಯಾವ ಯಾವುದೆಂದು ಪಟ್ಟಿ ಮಾಡಿ, ಹೂಳು ತೆಗೆಯದ ಜಾಗವನ್ನು ಕಿಲೋಮೀಟರ್ ಸಮೇತ ಬರೆದು ಕಳುಹಿಸಿದರೆ ಇಂಜಿನಿಯರು ಉತ್ತರ ಕೊಡಲೇಬೇಕಾಗುತ್ತದೆ. ‘ರಸ್ತೆ ಹದಗೆಟ್ಟಿದೆ’ ಎಂಬ ಒಂದು ಸಾಲಿನ ಮನವಿಗೆ ‘ಅನುದಾನ ಬಂದ ಕೂಡಲೇ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ನಮ್ಮ ಕಛೇರಿಯ ಕಡತದಲ್ಲಿ ಅಂಥವು ಬೇಕಾದಷ್ಟಿವೆ. ಆದರೆ ಮೋರಿಗೆ ಮಣ್ಣು ತುಂಬಿದವರು ನಾವೇ ಆಗಿದ್ದರೆ ಆ ಪಟ್ಟಿಯನ್ನು ಯಾವ ಬಾಯಿಂದ ಓದುವುದು?

ರೋಹಿಣಿ ಮಳೆ ಮುಗಿಯುವುದರೊಳಗೆ ಪ್ರತಿ ಸದಸ್ಯರೂ ತಮ್ಮ ತೋಟದ ಮುಂದಿನ ಚರಂಡಿಯನ್ನು, ಬೇಲಿಯ ಈ ತುದಿಯಿಂದ ಆ ತುದಿಯವರೆಗೆ, ಬಿಡಿಸಿಕೊಳ್ಳಬೇಕೆಂದು ವಿನಂತಿ. ತೆಗೆದ ಮಣ್ಣನ್ನು ತೋಟದೊಳಕ್ಕೆ ಎಳೆದುಕೊಳ್ಳಿ, ರಸ್ತೆಯ ಮಗ್ಗುಲಿಗೆ ಹಾಕಬೇಡಿ. ಅದು ಮೊದಲೇ ನಿಮ್ಮ ತೋಟದಿಂದ ಕೊಚ್ಚಿ ಬಂದ ಮೇಲ್ಮಣ್ಣು. ಗೇಟಿನ ಅಡಿಗೆ ಗುದ್ದಲಿ ಹೋಗುವಷ್ಟು ಅಗಲದ ಪೈಪು ಹಾಕಿಸುವವರಿಗೆ ಸಂಘದ ಮೂಲಕ ಸಗಟು ದರದಲ್ಲಿ ತರಿಸಿಕೊಡಲು ವಿಚಾರಿಸುತ್ತಿದ್ದೇವೆ. ಬೇಕಾದವರು ಎಷ್ಟು ಅಡಿ ಎಂಬುದನ್ನು ಕಛೇರಿಯಲ್ಲಿ ಬರೆಸಬೇಕು. ತಂಗುಜಾಗಕ್ಕೆ ಒಂದು ಗುಂಟೆ ಬಿಟ್ಟುಕೊಡಲು ಒಪ್ಪುವವರು ಸರ್ವೆ ನಂಬರಿನೊಡನೆ ತಿಳಿಸಲಿ. ಮೂಟೆಯ ಮೇಲೆ ಖರ್ಚು ಹಂಚುವ ಸಲಹೆಗೆ ವಿರೋಧವಿರುವವರು ಅದನ್ನೂ ಬರೆದು ಕಳುಹಿಸಲಿ, ಮುಂದಿನ ಸಂಚಿಕೆಯಲ್ಲಿ ಹೆಸರಿನೊಡನೆ ಅಚ್ಚು ಹಾಕುತ್ತೇವೆ. ಈ ವಿಷಯ ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಮೊದಲನೆಯದಾಗಿದೆ.